ಬಂಡೆಯೊಳಗೆ ಸರಿಯುವ ಗಡಿ

ಎಲ್ಲರಿಗೂ ನಮಸ್ಕಾರ. ಬಂಡೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು, ಎಣ್ಣೆ, ಅನಿಲ ಹೇಗೆ ಹರಿಯುತ್ತವೆ ಅಂತ ಲೆಕ್ಕ ಹಾಕುವ ಗಣಿತದ ಬಗ್ಗೆ ಇವತ್ತು ಮಾತಾಡುತ್ತೇನೆ.

ಇದು ಶುರುವಾಗಿದ್ದು ಫ್ರಾನ್ಸಿನ ಡಿಜಾನ್ ಊರಿನಲ್ಲಿ. ಊರಿಗೆ ಕುಡಿಯುವ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ಅಳೆದರು. 1856ರಲ್ಲಿ ಅದರ ನಿಯಮ ಪ್ರಕಟಿಸಿದರು. ಒತ್ತಡದ ವ್ಯತ್ಯಾಸ ದುಪ್ಪಟ್ಟಾದರೆ ಹರಿವೂ ದುಪ್ಪಟ್ಟು. ಮರಳಿನ ಉದ್ದ ದುಪ್ಪಟ್ಟಾದರೆ ಹರಿವು ಅರ್ಧ. ಒಂದೊಂದು ರಂಧ್ರದ ಆಕಾರ ತಿಳಿಯದೆಯೇ ಲೆಕ್ಕ ಹಾಕಬಹುದು ಅಂತಾಯಿತು.

ಒಂದೇ ದ್ರವ ಇದ್ದರೆ ಸರಿ. ಎಣ್ಣೆ ಇರುವ ಬಂಡೆಗೆ ನೀರು ನುಗ್ಗಿಸಿ ಎಣ್ಣೆಯನ್ನು ಬಾವಿಯತ್ತ ತಳ್ಳುತ್ತಾರಲ್ಲ, ಕಷ್ಟ ಇರುವುದು ಅಲ್ಲಿ. ಎರಡರ ನಡುವೆ ಒಂದು ಗಡಿ ಇದೆ, ಅದು ಸರಿಯುತ್ತಾ ಇರುತ್ತದೆ. ಒತ್ತಡ ಲೆಕ್ಕ ಹಾಕಲು ಗಡಿ ಎಲ್ಲಿದೆ ಅಂತ ಗೊತ್ತಿರಬೇಕು. ಗಡಿ ಎಲ್ಲಿಗೆ ಸರಿಯಿತು ಅಂತ ತಿಳಿಯಲು ಒತ್ತಡ ಗೊತ್ತಿರಬೇಕು. ಹಾಗಾಗಿ ಎರಡನ್ನೂ ಒಟ್ಟಿಗೇ ಬಿಡಿಸಬೇಕು.

ಇದನ್ನು ಕಣ್ಣಾರೆ ನೋಡಬಹುದು. ಎರಡು ಗಾಜಿನ ಹಲಗೆಗಳ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟು ಗ್ಲಿಸರಿನ್ ತುಂಬಿ. ಮೇಲಿನ ಹಲಗೆಯ ನಡುವೆ ತೂತು ಮಾಡಿ, ಸಿರಿಂಜಿನಿಂದ ನಿಧಾನವಾಗಿ ಗಾಳಿ ಬಿಡಿ. ಈ ಇಕ್ಕಟ್ಟಿನ ಹರಿವಿಗೂ ಡಾರ್ಸಿ ನಿಯಮದಂಥದ್ದೇ ಸಮೀಕರಣ. ಗಾಳಿಯ ಗುಳ್ಳೆ ಮೊದಲು ದುಂಡಗೆ ಬೆಳೆಯುತ್ತದೆ. ಆಮೇಲೆ ಅಂಚು ಅಲ್ಲಲ್ಲಿ ಉಬ್ಬುತ್ತದೆ, ಉಬ್ಬು ಬೆರಳಾಗುತ್ತದೆ, ಬೆರಳಿನ ತುದಿ ಮತ್ತೆ ಸೀಳುತ್ತದೆ. ಕಾರಣ ಸರಳ. ಮುಂದೆ ಚಾಚಿದ ಜಾಗದಲ್ಲಿ ತಳ್ಳಬೇಕಾದ ಮಂದ ದ್ರವ ಕಡಿಮೆ, ಅಲ್ಲಿ ಒತ್ತಡ ಕಡಿದಾಗಿ ಇಳಿಯುತ್ತದೆ, ಹಾಗಾಗಿ ಆ ಜಾಗ ಇನ್ನೂ ಜೋರಾಗಿ ಓಡುತ್ತದೆ. ಮಂದ ದ್ರವವೇ ತೆಳು ದ್ರವವನ್ನು ತಳ್ಳಿದರೆ ಹೀಗಾಗುವುದಿಲ್ಲ. ಉಬ್ಬು ತಾನಾಗಿಯೇ ಸಮವಾಗುತ್ತದೆ.

1958ರಲ್ಲಿ ವಿಜ್ಞಾನಿಗಳಾದ ಸ್ಯಾಫ್‌ಮನ್ ಮತ್ತು ಟೇಲರ್, ಇಂಥದ್ದೇ ಎರಡು ಹಲಗೆಗಳ ನಡುವಿನ ಉದ್ದನೆಯ ಕಾಲುವೆಯಲ್ಲಿ ಇದನ್ನೇ ಮಾಡಿ ನೋಡಿದರು. ಕೊನೆಗೆ ಒಂದೇ ಬೆರಳು ಉಳಿಯುತ್ತದೆ. ವೇಗ ಹೆಚ್ಚಿಸಿದಂತೆ ಅದರ ಅಗಲ ಕಾಲುವೆಯ ಅರ್ಧಕ್ಕೆ ಬಂದು ನಿಲ್ಲುತ್ತದೆ. ಆದರೆ ಮೇಲ್ಮೈ ಎಳೆತವನ್ನು, ಅಂದರೆ ಗಡಿಯನ್ನು ಬಿಗಿಯಾಗಿ ಎಳೆದು ಹಿಡಿಯುವ ಬಲವನ್ನು, ಬಿಟ್ಟು ಬರೆದ ಸಮೀಕರಣಕ್ಕೆ ಎಷ್ಟು ಅಗಲದ ಬೆರಳಾದರೂ ಉತ್ತರವೇ! ಅರ್ಧವೇ ಯಾಕೆ? ಉತ್ತರ ಸಿಕ್ಕಿದ್ದು 1980ರ ದಶಕದಲ್ಲಿ. ಸೊನ್ನೆ ಅಂತ ಬಿಟ್ಟಿದ್ದ ಆ ಎಳೆತ ಎಷ್ಟೇ ಸಣ್ಣದಿದ್ದರೂ ಆಯ್ಕೆ ಮಾಡುವುದು ಅದೇ. ಮಾಮೂಲಿ ಅಂದಾಜಿನ ಸರಣಿಯಲ್ಲಿ ಎಷ್ಟು ಪದ ಸೇರಿಸಿದರೂ ಅದರ ಪರಿಣಾಮ ಕಾಣುವುದಿಲ್ಲ. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ಸುಮ್ನೆ ಕೈಬಿಡಬಹುದು ಅನ್ನಿಸುವ ಪದವೇ ಉತ್ತರ ನಿರ್ಧರಿಸುತ್ತದೆ, ಅಲ್ವಾ?

ಇದಕ್ಕೂ ಮೊದಲು, 1945ರಲ್ಲಿ, ರಷ್ಯಾದ ಗಣಿತಜ್ಞರಾದ ಪೊಲುಬಾರಿನೋವಾ-ಕೊಚಿನಾ ಮತ್ತು ಗಾಲಿನ್ ಇಂಥದ್ದೇ ಎಚ್ಚರಿಕೆ ಕೊಡುವ ಸಮೀಕರಣ ಬರೆದಿದ್ದರು. ಎಣ್ಣೆಯ ಹನಿಯನ್ನು ಒಂದು ಬಿಂದುವಿನಿಂದ ಹೀರುತ್ತಾ ಹೋದರೆ, ಎಣ್ಣೆ ಮುಗಿಯುವ ಮೊದಲೇ ಅಂಚು ಸೂಜಿಯಂತೆ ಚೂಪಾಗಬಹುದು. ಅಲ್ಲಿಂದಾಚೆಗೆ ಆ ಲೆಕ್ಕ ನಡೆಯುವುದಿಲ್ಲ.

ಇನ್ನು ನಿಜವಾದ ಬಂಡೆಗೆ ಬರೋಣ. ನಾರ್ವೆ ಬಳಿ ಉತ್ತರ ಸಮುದ್ರದ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ 1996ರಿಂದ, ವರ್ಷಕ್ಕೆ ಸುಮಾರು 10 ಲಕ್ಷ ಟನ್‌ನಂತೆ, ಇಂಗಾಲದ ಡೈಆಕ್ಸೈಡ್ ಅನ್ನು ಸಮುದ್ರಮಟ್ಟಕ್ಕಿಂತ ಸುಮಾರು 1000 ಮೀಟರ್ ಕೆಳಗಿನ ಉಟ್ಸಿರಾ ಮರಳುಗಲ್ಲಿಗೆ ಸೇರಿಸಿದರು. ಅಲ್ಲಿನ ಉಪ್ಪುನೀರಿಗಿಂತ ಅದು ಹಗುರ, ಬಹಳ ತೆಳು ಕೂಡ. ಹಾಗಾಗಿ ಮೇಲೇರುತ್ತದೆ, ತೆಳ್ಳನೆಯ ಜೇಡಿಪದರಗಳ ಅಡಿ ಹರಡುತ್ತದೆ, ಮತ್ತೆ ಮೇಲೇರುತ್ತದೆ. ಕಂಪನದ ಅಲೆಗಳನ್ನು ಕಳಿಸಿ ಆಗಾಗ ಚಿತ್ರ ತೆಗೆದರು. 1999ರ ಚಿತ್ರದಲ್ಲೇ ಅದು ಮೇಲಿನ ಮುಚ್ಚಳಬಂಡೆಯ, ಅಂದರೆ ಅನಿಲ ಮೇಲೆ ಹೋಗದಂತೆ ತಡೆಯುವ ಬಂಡೆಯ, ಅಡಿ ತಲುಪಿತ್ತು. ಅಲ್ಲಿಂದ ಒಂದು ಚಾಚು, ಮುಚ್ಚಳದ ಉಬ್ಬು ಹಿಡಿದು ಉತ್ತರಕ್ಕೆ ಸರಿಯಿತು. ಮಾಡೆಲ್ ಕಟ್ಟಿದವರಿಗೆ ಆ ವೇಗವನ್ನು ಹೊಂದಿಸುವುದು ಕಷ್ಟವಾಯಿತು. ಮುಚ್ಚಳದ ಏರಿಳಿತ ಕೆಲವೇ ಮೀಟರ್ ತಪ್ಪಿದರೂ ಗಡಿ ಬೇರೆ ಕಡೆ ಹೋಗುತ್ತದೆ. ಅದಕ್ಕೇ ಈಗ ಒಂದೇ ಉತ್ತರ ಕೊಡುವ ಬದಲು, ಮುಚ್ಚಳದ ಆಕಾರವನ್ನು ಸ್ವಲ್ಪ ಸ್ವಲ್ಪ ಬದಲಿಸಿ ಅದೇ ಲೆಕ್ಕವನ್ನು ಮತ್ತೆ ಮತ್ತೆ ಓಡಿಸುತ್ತಾರೆ.