ಹಳ್ಳದ ಏಡಿ ಹೋದ್ರೆ ವಾಪಸ್ ಬರಲ್ಲ

ನಮಸ್ಕಾರ. ಪುನರ್ವಸು ಮಳೆ ಜಡಿ ಹಿಡಿದಿದೆ. ತೀರ್ಥಹಳ್ಳಿ ಕಡೆ ಕತ್ತಲಾಗ್ತಿದ್ದಂಗೆ ಗದ್ದೆ ಅಂಚಿನ ಮೇಲೆ ಬ್ಯಾಟರಿ ಬೆಳಕು ಓಡಾಡೋಕೆ ಶುರು. ಏಡಿ ಶಿಕಾರಿ! ಇವತ್ತು ಅದರ ಬಗ್ಗೆನೇ ಮಾತಾಡ್ತೀನಿ, ಸ್ವಲ್ಪ ಹೊಟ್ಟೆ ಉರಿದುಕೊಂಡೇ ಮಾತಾಡ್ತೀನಿ.

ಫೋನಲ್ಲಿ ಅಮೆರಿಕದ ಲೂಯಿಸಿಯಾನದ ವಿಡಿಯೊ ನೋಡಿರ್ತೀರಿ. ದೊಡ್ಡ ಹಂಡೆಯಲ್ಲಿ ಕ್ರಾಫಿಶ್ (ಸಿಗಡಿ ಥರದ, ಕೊಂಬಿರೋ ಸಿಹಿನೀರಿನ ಜೀವಿ) ಬೇಯಿಸಿ, ಜೋಳದ ತೆನೆ, ಆಲೂಗಡ್ಡೆ ಜೊತೆ ಮೇಜಿನ ಮೇಲೆ ಸುರಿದು ತಿಂತಾರೆ. ಅಲ್ಲಿ ಭತ್ತದ ಗದ್ದೆಗೆ ನೀರು ಕಟ್ಟಿ ಅದನ್ನ ಸಾಕ್ತಾರೆ. ನಮ್ಮ ಏಡಿನ ಯಾರು ಸಾಕಿದ್ದಾರೆ ಹೇಳಿ? ಹಳ್ಳ ಕೊಟ್ರೆ ಉಂಟು, ಇಲ್ಲಾಂದ್ರೆ ಇಲ್ಲ.

ನಂಗೆ ಏಡಿ ಹಿಡಿಯೋದು ಕಲಿಸಿದ್ದು ನಮ್ಮಜ್ಜ. ಬೆಳಕು ಕಣ್ಣಿಗೆ ಬಿದ್ರೆ ಏಡಿ ಒಂದು ಗಳಿಗೆ ಗಕ್ಕನೆ ನಿಲ್ಲುತ್ತೆ. ಆಗ ಹಿಂದಿನಿಂದ ಕೈ ಹಾಕಿ ಬೆನ್ನು ಒತ್ತಿ ಹಿಡೀಬೇಕು, ಕೊಂಬು, ಅಂದ್ರೆ ಕಚ್ಚೋ ಮುಂಗಾಲು, ತಿರುಗಿಸಿದ್ರೂ ಬೆರಳಿಗೆ ಎಟುಕಬಾರದು. ಹಿಡಿದ ಕೂಡಲೇ ಚೀಲಕ್ಕೆ ಹಾಕೋ ಹಂಗಿಲ್ಲ, ಮೊದಲು ಮಗುಚಿ ನೋಡು ಅನ್ನೋರು. ಹೊಟ್ಟೆ ಮೇಲಿನ ಮುಚ್ಚಳ ಸಣ್ಣ, ಚೂಪು ಇದ್ರೆ ಗಂಡು. ಅಗಲ ಇದ್ರೆ ಹೆಣ್ಣು. ಆ ಮುಚ್ಚಳ ಮೆಲ್ಲಗೆ ಎತ್ತಿದ್ರೆ ಕೆಲವು ಸಲ ಒಳಗೆ ಮರಿಗಳು ಗಿಜಿಗಿಜಿ ಅಂತಿರ್ತವೆ. ಒಂದೊಂದೂ ಕಾಳಿನಷ್ಟು, ಆದ್ರೆ ಕಾಲು, ಕೊಂಬು ಎಲ್ಲಾ ಮೂಡಿರೋ ಪೂರ್ತಿ ಏಡಿ. ಅಂಥದ್ದನ್ನ ಅಜ್ಜ ಅಲ್ಲೇ ನೀರಿಗೆ ಬಿಡೋರು.

ಅಜ್ಜ ಮಾಡ್ತಿದ್ದಿದ್ದು ಎಷ್ಟು ಸರಿ ಅಂತ ನಂಗೆ ಗೊತ್ತಾಗಿದ್ದು ಆಮೇಲೆ. ಸಮುದ್ರದ ಏಡಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತೆ, ಅದರಿಂದ ಹೊರಬರೋ ಲಾರ್ವಾಗಳು (ಇನ್ನೂ ಏಡಿ ರೂಪ ಬರದ ಎಳೆ ಮರಿಗಳು) ಅಲೆ ಜೊತೆ ತೇಲಿ ದೂರ ದೂರ ಹೋಗ್ತವೆ. ಒಂದು ಕಡೆ ಖಾಲಿಯಾದ್ರೆ ಇನ್ನೊಂದು ಕಡೆಯಿಂದ ಬಂದು ತುಂಬ್ತವೆ. ಸಿಹಿನೀರಿನ ಏಡಿಗೆ ಆ ತೇಲೋ ಲಾರ್ವಾ ಹಂತನೇ ಇಲ್ಲ. ಇಡೋ ಮೊಟ್ಟೆನೂ ಕಮ್ಮಿ. ತಾಯಿ ಎಲ್ಲಿ ಬಿಡುತ್ತೋ ಮರಿ ಆಸುಪಾಸಲ್ಲೇ ಬೆಳೆಯುತ್ತೆ. ಹಂಗಾಗಿ ಒಂದು ಹಳ್ಳದ ಏಡಿ ಪೂರ್ತಿ ಸತ್ರೆ, ಆ ಜಾಗ ತುಂಬೋಕೆ ಎಲ್ಲಿಂದಲೂ ತೇಲಿ ಬರೋದಿಲ್ಲ.

ಹೋದ ವರ್ಷ ನಮ್ಮ ಮನೆ ಕೆಳಗಿನ ಹಳ್ಳಕ್ಕೆ ಯಾರೋ ಮೀನು ಹಿಡಿಯೋಕೆ ಅಂತ ವಿಷದ ಔಷಧಿ ಹಾಕಿದ್ರು. ಬೆಳಿಗ್ಗೆ ಹೋಗಿ ನೋಡ್ತೀನಿ, ಮೀನು ಬಳ್ಕೊಂಡು ಹೋಗಿದ್ದಾರೆ, ಏಡಿ ಕಲ್ಲಿನ ಸಂದಿಯಲ್ಲೆಲ್ಲ ಹೊಟ್ಟೆ ಮೇಲೆ ಮಾಡ್ಕೊಂಡು ಬಿದ್ದಿವೆ. ಹೆಣ್ಣು, ಗಂಡು, ಮರಿ, ಎಲ್ಲಾ. ಎರಡು ದಿನ ನಾತ. ಇದನ್ನ ಶಿಕಾರಿ ಅಂತ ಕರೆಯೋಕೆ ನಂಗೆ ಬಾಯಿ ಬರಲ್ಲ.

ಗದ್ದೆ ಮಾಡೋರ ಕಷ್ಟನೂ ಗೊತ್ತು. ಏಡಿ ಅಂಚಿಗೆ ತೂತು ಕೊರೆದ್ರೆ ಕಟ್ಟಿದ ನೀರು ರಾತ್ರಿ ಬೆಳಗಾಗೋದ್ರಲ್ಲಿ ಕೆಳಗಿನ ಗದ್ದೆಗೆ. ಎಳೆ ಸಸಿನೂ ಕತ್ತರಿಸುತ್ತೆ. ಅದಕ್ಕೇ ಬಿಲಕ್ಕೆ ಫೋರೇಟ್ ಅನ್ನೋ ಕೀಟನಾಶಕದ ಹರಳು ಹಾಕೋ ಅಭ್ಯಾಸ ಬಂತು. ಅದು ಎಂಥಾ ವಿಷ ಅಂದ್ರೆ, ಕೇಂದ್ರ ಸರ್ಕಾರ 2018ರಲ್ಲಿ ಆದೇಶ ಹೊರಡಿಸಿ 2020ರ ಕೊನೆಗೆ ಪೂರ್ತಿ ನಿಲ್ಲಿಸ್ತು. ಹಳೇ ಡಬ್ಬ ಅಟ್ಟದ ಮೇಲಿದ್ರೆ ದಯವಿಟ್ಟು ಮುಟ್ಟಬೇಡಿ. ಬಿಲಕ್ಕೆ ಕೆಸರು ಮೆತ್ತಿ ತುಳೀರಿ, ಇಲ್ಲಾ ಏಡಿ ಹಿಡಿಯೋ ಹುಡುಗರನ್ನ ಕರೀರಿ. ಅಂಚೂ ಉಳಿಯುತ್ತೆ, ಸಾರೂ ಆಗುತ್ತೆ.

ಸಾರು ಅಂದ್ರೆ ನಮ್ಮಲ್ಲಿ ಕಳಲೆ (ಎಳೆ ಬಿದಿರು) ಹಾಕಿದ್ದೇ ಆಗಬೇಕು. ಕಳಲೆ ಹೆಚ್ಚಿ, ದಿನಾ ನೀರು ಬದಲಾಯಿಸ್ತಾ ಎರಡು ಮೂರು ದಿನ ನೆನೆಸಿರಬೇಕು, ಹಸಿ ಕಳಲೆಯಲ್ಲಿ ನಂಜು ಇರುತ್ತೆ. ಏಡಿ ಸಣ್ಣ ಕಾಲುಗಳನ್ನ ಒರಳಲ್ಲಿ ಜಜ್ಜಿ, ನೀರು ಬೆರೆಸಿ, ಸೋಸಿ ಆ ರಸ ಸಾರಿಗೆ ಬಿಡಬೇಕು. ರುಚಿ ಇರೋದೇ ಅದರಲ್ಲಿ. ಅರ್ಧಂಬರ್ಧ ಬೇಯಿಸಬೇಡಿ, ಶ್ವಾಸಕೋಶಕ್ಕೆ ಹತ್ತೋ ಹುಳ ಹಸಿ ಏಡಿಯಿಂದ ಬರೋದುಂಟು.

ಮೊನ್ನೆ ಮೇಲಿನ ಸರದಲ್ಲಿ, ಅಂದ್ರೆ ಸಣ್ಣ ತೊರೇಲಿ, ನಂಗೆ ಎಂಟು ಏಡಿ ಸಿಕ್ಕಿದ್ವು. ಎರಡರ ಹೊಟ್ಟೇಲಿ ಮರಿ ಇತ್ತು, ಕೆಳಗಿನ ಹಳ್ಳಕ್ಕೆ ತಂದು ಬಿಟ್ಟೆ. ಈ ವರ್ಷ ಅಲ್ಲಿ ಒಂದೂ ಕಂಡಿರಲಿಲ್ಲ. ಉಳಿದ ಆರರಲ್ಲಿ ಸಾರಾಯ್ತು, ಜೊತೆಗೆ ಬಿಸಿ ಕಡುಬು.