ಪಟದ ಮೇಲಿನ ಬೆಳಕು

ಕೇಳುಗರಿಗೆ ನಮಸ್ಕಾರ.

ಬಳ್ಳಾರಿಯ ನಮ್ಮ ಮಾಳಿಗೆ ಮನೆಯ ಪಡಸಾಲೆಯಲ್ಲಿ, ಬೆಳಕಿಂಡಿಗೆ ಎದುರಾಗಿ, ರವಿವರ್ಮರ ಲಕ್ಷ್ಮಿಯ ಪಟವೊಂದು ನಾನು ಹುಟ್ಟುವ ಮೊದಲಿನಿಂದಲೂ ತೂಗುತ್ತಿತ್ತು. ಕಟ್ಟು ಸಡಿಲವಾಯಿತೆಂದು ಅದನ್ನು ಇಳಿಸಿ ಬಿಚ್ಚಿದ ದಿನ, ಹಿಂದೆ ಬಡಿದಿದ್ದ ಹಲಗೆಯ ಎಳೆಗಳೆಲ್ಲ ಕಾಗದದ ಬೆನ್ನಿನ ಮೇಲೆ ಕಂದು ಗೆರೆಗಳಾಗಿ ಇಳಿದಿದ್ದುದನ್ನು ಕಂಡೆವು. ಚೌಕಟ್ಟಿನ ಅಂಚಿನಡಿ ಅಡಗಿದ್ದ ಅರ್ಧ ಬೆರಳಗಲದ ಪಟ್ಟಿಯಲ್ಲಿ ಕೊಳದ ಹಸಿರು ಇನ್ನೂ ಹಸಿರಾಗಿತ್ತು. ಉಳಿದೆಡೆ ಹಳದಿ ಮಾಸಿ, ಬರಿಯ ನೀಲಿ ನಿಂತಿತ್ತು.

ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಇಂಥ ಪಟಗಳು ಸಾಮಾನ್ಯರ ಮನೆಗಳಿಗೂ ಬಂದವು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಿನಿಂದ ಅಚ್ಚು ಹಾಕಿ, ಮೇಲೆ ವಾರ್ನಿಷ್ ಬಳಿಯುತ್ತಿದ್ದರು. ಹಾಗಾಗಿ ಹಬ್ಬದ ಮುನ್ನಾದಿನ ಒದ್ದೆ ಬಟ್ಟೆಯಿಂದ ಒರೆಸುವುದಾದರೆ ಗಾಜನ್ನಷ್ಟೇ ಒರೆಸಬೇಕು, ಚಿತ್ರವನ್ನಲ್ಲ.

ಬಣ್ಣಕ್ಕೆ ಬೆಳಕಿಗಿಂತ ದೊಡ್ಡ ಶತ್ರುವಿಲ್ಲ. ಸಂಗ್ರಹಾಲಯಗಳು ಕಾಗದದ ಮೇಲಿನ ಚಿತ್ರಗಳಿಗೆ ಸುಮಾರು 50 ಲಕ್ಸ್ ಬೆಳಕು ಸಾಕೆನ್ನುತ್ತವೆ; ಲಕ್ಸ್ ಎಂದರೆ ಮೇಲ್ಮೈಯೊಂದರ ಮೇಲೆ ಬೀಳುವ ಬೆಳಕಿನ ಅಳತೆ. ನಡುಹಗಲಿನ ನೇರ ಬಿಸಿಲು ಒಂದು ಲಕ್ಷ ಲಕ್ಸ್‌ನಷ್ಟಿರುತ್ತದೆ. ಆ ಪೆಟ್ಟು ದಿನದಿನಕ್ಕೂ ಕೂಡುತ್ತ ಹೋಗುತ್ತದೆ, ರಾತ್ರಿಯ ಕತ್ತಲು ಅದನ್ನು ಕಳೆಯುವುದಿಲ್ಲ. ಅತಿನೇರಳೆ ಕಿರಣ ತಡೆಯುವ ಗಾಜು ಒಳ್ಳೆಯದೇ ಆದರೂ ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಸವೆಸುವುದರಿಂದ, ಬಿಸಿಲು ಬೀಳದ ಒಳಗೋಡೆಯನ್ನು ಆರಿಸುವುದೇ ಮೇಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಪಡುವಣ ಗೋಡೆ ಸಂಜೆಯವರೆಗೆ ಕಾದಿರುತ್ತದೆ. ಅಲ್ಲಿ ಪಟ ಬೇಡ. ದೀಪದ ಮಸಿ ತಾಕುವಷ್ಟು ಹತ್ತಿರವೂ ಬೇಡ.

ಎರಡನೆಯ ಕೇಡು ಬೆನ್ನಿನ ಕಡೆಯದು. ಮರದ ಹಲಗೆ, ಹಾರ್ಡ್‌ಬೋರ್ಡ್, ಹಳೆಯ ದಿನಪತ್ರಿಕೆ, ಇವೆಲ್ಲ ಆಮ್ಲವನ್ನು ಬಿಡುತ್ತವೆ. ಕಾಗದ ಅದರಿಂದಲೇ ಕಂದಾಗಿ, ಮಡಿಸಿದರೆ ಮುರಿಯುವಷ್ಟು ಗಡುಸಾಗುತ್ತದೆ. ಕಟ್ಟು ಹಾಕುವವರಿಗೆ ಆಮ್ಲರಹಿತ ಮೌಂಟ್ ಬೋರ್ಡ್, ಅಂದರೆ ಚಿತ್ರದ ಹಿಂದೆ ಮುಂದೆ ಇಡುವ ದಪ್ಪ ರಟ್ಟು, ಬೇಕೆಂದು ಬಾಯಿಬಿಟ್ಟು ಕೇಳಿ. ಬೆಲೆ ಹೆಚ್ಚಾದರೂ ನಾನು ಚೌಕಟ್ಟಿನ ಚಂದಕ್ಕಿಂತ ಮೊದಲು ಅದಕ್ಕೇ ದುಡ್ಡು ಹಾಕುತ್ತೇನೆ. ಮುಂದೆ ಕಿಟಕಿಯಂತೆ ಕತ್ತರಿಸಿದ ಮೌಂಟ್ ಇದ್ದರೆ ಗಾಜು ಚಿತ್ರಕ್ಕೆ ಅಂಟುವುದಿಲ್ಲ; ಮಳೆಗಾಲದ ತೇವದಲ್ಲಿ ಗಾಜಿಗೆ ಕಚ್ಚಿಕೊಂಡ ಪಟವನ್ನು ಬಿಡಿಸಹೋದರೆ ಬಣ್ಣ ಗಾಜಿನ ಮೇಲೆಯೇ ಉಳಿಯುತ್ತದೆ. ಚಿತ್ರವನ್ನು ಸೆಲ್ಲೋಟೇಪಿನಿಂದ ಅಂಟಿಸಬಾರದು. ಮೇಲಂಚಿನಲ್ಲಿ ಎರಡು ಕಡೆ ತೆಳು ಕಾಗದದ ಪಟ್ಟಿಯನ್ನು ಗೋಧಿಯ ಗಂಜಿಯಿಂದ ಹಚ್ಚಿ ತೂಗಬಿಟ್ಟರೆ ಸಾಕು, ಬೇಕಾದಾಗ ನೀರು ಸೋಕಿಸಿ ಬಿಡಿಸಬಹುದು. ಲ್ಯಾಮಿನೇಷನ್ ಮಾತ್ರ ಖಂಡಿತ ಬೇಡ, ಅದನ್ನು ಮತ್ತೆ ಬಿಚ್ಚುವ ದಾರಿಯಿಲ್ಲ.

ಚೌಕಟ್ಟಿನ ಹಿಂದೆ ಕೆಳಮೂಲೆಗಳಲ್ಲಿ ಎರಡು ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿ ಆಡುತ್ತದೆ. ವರ್ಷಕ್ಕೊಮ್ಮೆ ಇಳಿಸಿ ಹಿಂಬದಿ ನೋಡಿ. ಗೆದ್ದಲು ಮೊದಲು ಕಾಣುವುದು ಅಲ್ಲಿಯೇ.

ನಮ್ಮ ಲಕ್ಷ್ಮಿ ಈಗ ಬೆಳಕಿಂಡಿಯಿಂದ ದೂರದ ಒಳಗೋಡೆಯಲ್ಲಿದ್ದಾಳೆ. ಅಂಚಿನ ಆ ಹಸಿರು ಪಟ್ಟಿಯನ್ನು ಹೊಸ ಮೌಂಟಿನಡಿ, ಬೆಳಕು ತಾಕದಂತೆ, ಮರೆಯಲ್ಲಿಯೇ ಇರಿಸಿದ್ದೇವೆ.

ನಮಸ್ಕಾರ.