ಮೊದಲು ನೆಕ್, ಆಮೇಲೆ ಬಣ್ಣ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಬಸವನಗುಡಿಯಲ್ಲಿ ದೋಸೆ ಕ್ಯೂ ಬಿಟ್ಟು ಇಷ್ಟು ಜನ ಇಲ್ಲಿಗೆ ಬಂದಿದ್ದೀರಿ. ದೊಡ್ಡ ವಿಷಯ.

ಶುರುವಿಗೇ ಒಂದು ತಕರಾರು ಇದೆ. ಆಹ್ವಾನದಲ್ಲಿ ‘ಕಡಿಮೆ ಖರ್ಚಿನಲ್ಲಿ ನಿಮ್ಮದೇ ಎಲೆಕ್ಟ್ರಿಕ್ ಗಿಟಾರ್’ ಅಂತ ಹಾಕಿದ್ದಾರೆ. ನಾನು ಹಾಗೆ ಹೇಳಿರಲಿಲ್ಲ. ಬಿಡಿಭಾಗ ಆರಿಸಿ ಗಿಟಾರ್ ಜೋಡಿಸಿದರೆ ದುಡ್ಡು ಉಳಿಯುವುದಿಲ್ಲ. ಬಾಡಿ, ಅಂದರೆ ಗಿಟಾರಿನ ಒಡಲು, ಒಂದು ಕಡೆಯಿಂದ, ನೆಕ್, ಅಂದರೆ ಕೈಯಲ್ಲಿ ಹಿಡಿಯುವ ಉದ್ದನೆಯ ಕೊರಳು, ಇನ್ನೊಂದು ಕಡೆಯಿಂದ, ಎರಡಕ್ಕೂ ಬೇರೆ ಬೇರೆ ಕೊರಿಯರ್, ಮೇಲೆ ಕಸ್ಟಮ್ಸ್. ಲೆಕ್ಕ ಹಾಕಿದರೆ ಅಂಗಡಿಯಲ್ಲಿ ಒಂದು ಒಳ್ಳೆ ರೆಡಿಮೇಡ್ ಗಿಟಾರೇ ಬಂದಿರುತ್ತದೆ. ಮಾರಲು ಹೋದರೆ ಹಾಕಿದ್ದರಲ್ಲಿ ಅರ್ಧ ಬಂದರೆ ಪುಣ್ಯ. ಹೆಡ್‌ಸ್ಟಾಕ್ ಮೇಲೆ, ನೆಕ್ ತುದಿಯ ಆ ತಲೆಯ ಮೇಲೆ, ಕಂಪನಿ ಹೆಸರಿಲ್ಲ ಅಲ್ವಾ!

ಮತ್ತೆ ಯಾಕೆ ಮಾಡಬೇಕು? ನಿಮ್ಮ ಕೈಗೆ ಸರಿಹೋಗುವ ಗಿಟಾರ್ ಬೇಕು ಅಂತ. ಬೇರೆ ಕಾರಣ ಏನಿದ್ದರೂ ಎರಡನೆಯದು. ಕೈಗೆ ಸಿಗುವುದು ನೆಕ್. ಹಾಗಾಗಿ ಮೊದಲು ನೆಕ್ ಆರಿಸಿ. ಇವತ್ತು ನಾನು ಏನೇ ಹೇಳಿದರೂ ಸುತ್ತಿ ಬಳಸಿ ಅಲ್ಲಿಗೇ ಬರುತ್ತೇನೆ, ಮೊದಲೇ ಹೇಳಿಬಿಟ್ಟಿದ್ದೇನೆ.

ಆದರೆ ಎಲ್ಲರೂ ಮಾಡುವುದು ಏನು? ಬಾಡಿ ಮೊದಲು. ಯಾಕಂದರೆ ಬಣ್ಣ ಇರುವುದು ಅಲ್ಲಿ. ಚಪ್ಪಲಿ ಅಂಗಡಿಯಲ್ಲಿ ಡಬ್ಬಿ ಚೆನ್ನಾಗಿದೆ ಅಂತ ಯಾರಾದರೂ ಚಪ್ಪಲಿ ತಗೋತಾರಾ? ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡುತ್ತಾರೆ. ನೆಕ್ ಕೂಡ ಹಾಗೇ. ಸ್ನೇಹಿತರ ಗಿಟಾರ್‌ಗಳನ್ನು ಹಿಡಿದು ನೋಡಿ. ಇಷ್ಟವಾದದ್ದನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದುಕೊಳ್ಳಿ. ಮೊದಲನೇ ಫ್ರೆಟ್, ಅಂದರೆ ಮೊದಲನೇ ಲೋಹದ ಮೆಟ್ಟಿಲು, ಅದರ ಹತ್ತಿರ ದಪ್ಪ ಎಷ್ಟು, ನಟ್, ಅಂದರೆ ನೆಕ್ ತಲೆಯ ಹತ್ತಿರ ತಂತಿ ಕೂರುವ ಪಟ್ಟಿ, ಅದರ ಅಗಲ ಎಷ್ಟು. ದಪ್ಪದಲ್ಲಿ 20 ಮಿ.ಮೀ.ಗೂ 22 ಮಿ.ಮೀ.ಗೂ ಏನು ಮಹಾ ಅನ್ನಿಸುತ್ತದೆ. ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತುವ ಬಾರ್ ಕಾರ್ಡ್ ಅರ್ಧ ಗಂಟೆ ಹಿಡಿದ ಮೇಲೆ ನಿಮ್ಮ ಹೆಬ್ಬೆರಳೇ ಹೇಳುತ್ತದೆ.

ಇನ್ನೊಂದು ರೇಡಿಯಸ್, ಅಂದರೆ ಬೆರಳು ಒತ್ತುವ ಹಲಗೆಯಾದ ಫಿಂಗರ್‌ಬೋರ್ಡಿನ ಉಬ್ಬು. ಫೆಂಡರ್ ಕಂಪನಿಯ ಹಳೇ ಗಿಟಾರ್‌ಗಳಲ್ಲಿ 7.25 ಇಂಚು, ಜಾಸ್ತಿ ಉಬ್ಬು. ಕಾರ್ಡ್‌ಗೆ ಸುಖ. ಆದರೆ ತಂತಿ ಕೆಳಗಿಟ್ಟುಕೊಂಡು ಮೇಲಿನ ಫ್ರೆಟ್‌ಗಳಲ್ಲಿ ಬೆಂಡ್ ಮಾಡಿದರೆ, ಅಂದರೆ ತಂತಿಯನ್ನು ಪಕ್ಕಕ್ಕೆ ಎಳೆದರೆ, ಸ್ವರ ಅರ್ಧಕ್ಕೇ ಸತ್ತುಹೋಗುತ್ತದೆ. ಇಲ್ಲಿ ಗಿಟಾರ್ ಮೇಲೆ ಕರ್ನಾಟಕ ಸಂಗೀತ ನುಡಿಸುವವರು ಒಂದಿಬ್ಬರು ಕಾಣುತ್ತಿದ್ದಾರೆ. ನೀವು ಗಮಕಕ್ಕೆ ತಂತಿ ಎಳೆಯುವವರು. ನಿಮಗೆ 12 ಇಂಚು, ಅಂದರೆ ಹೆಚ್ಚು ಚಪ್ಪಟೆ, ಮತ್ತೆ ಎತ್ತರದ ಫ್ರೆಟ್. ಬೇರೆ ಯೋಚನೆ ಬೇಡ.

ಹೀಗೆ ಬಿಡಿ ಬಿಡಿಯಾಗಿ ಆರಿಸಲು ಆಗುವುದಾದರೂ ಹೇಗೆ? ಅದಕ್ಕೆ ಲಿಯೋ ಫೆಂಡರ್‌ಗೆ ಕೈಮುಗಿಯಬೇಕು. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮನುಷ್ಯ. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ರಿಪೇರಿಯವರ ತಲೆ ಹೇಗೆ ಓಡುತ್ತೆ ಗೊತ್ತಲ್ಲ, ಕೆಟ್ಟದ್ದನ್ನು ಬಿಚ್ಚಿ ಬೇರೆ ಹಾಕುವಂತಿರಬೇಕು. ಹಾಗಾಗಿ 1950ರ ದಶಕದ ಟೆಲಿಕಾಸ್ಟರ್, 1954ರ ಸ್ಟ್ರಾಟೋಕಾಸ್ಟರ್, ಎರಡರಲ್ಲೂ ನೆಕ್ ಅನ್ನು ಅಂಟಿಸಿಲ್ಲ. ನಾಲ್ಕು ಸ್ಕ್ರೂ, ಅಷ್ಟೇ. 1970ರಲ್ಲಿ ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ನ್ಯಾಶ್‌ವಿಲ್‌ನಲ್ಲಿ ಆರು ಹಳೇ ಸ್ಟ್ರಾಟ್, ಅಂದರೆ ಸ್ಟ್ರಾಟೋಕಾಸ್ಟರ್, ಕೊಂಡು, ಮೂರನ್ನು ಗೆಳೆಯರಿಗೆ ಕೊಟ್ಟು, ಉಳಿದ ಮೂರರ ಒಳ್ಳೆ ಭಾಗಗಳನ್ನು ಸೇರಿಸಿ ‘ಬ್ಲ್ಯಾಕಿ’ ಮಾಡಿಕೊಂಡರು. 2004ರ ಹರಾಜಿನಲ್ಲಿ ಅದು 9,59,500 ಡಾಲರಿಗೆ ಹೋಯಿತು. ಜೋಡಿಸಿದ ಗಿಟಾರಿಗೆ ಬೆಲೆ ಇಲ್ಲ ಅಂತ ಈಗ ತಾನೇ ಹೇಳಿದೆ. ನೀವು ಕ್ಲಾಪ್ಟನ್ ಆದರೆ ಇದೆ.

ಈಗ ರಾಜಾಜಿನಗರದ ಹುಡುಗನ ಕಥೆ. ಹೆಸರು ಬೇಡ, ಅವನೇ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ತಿರುಗಿ ನೋಡಬೇಡಿ. ಸಾಫ್ಟ್‌ವೇರ್ ಕೆಲಸ. ನೀಲಿ ಬಣ್ಣದ ಒಂದು ಬಾಡಿ ನೋಡಿ ಮರುಳಾದ. ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಅದಕ್ಕೆ ಒಪ್ಪುವ ಬಣ್ಣದ ನೆಕ್ ತರಿಸಿದ. ಕೇಳಿಸಿಕೊಳ್ಳಿ, ಒಪ್ಪುವ ಬಣ್ಣದ ನೆಕ್. ಜೋಡಿಸಿ ತಂತಿ ಹಾಕಿದ. ಸಣ್ಣ ತಂತಿ ಪೀಚಲಾಗಿ ಕೇಳುತ್ತಿದೆ. ಮೇಲಿನ ಫ್ರೆಟ್‌ಗಳಲ್ಲಿ ಅಲುಗಿಸಿದರೆ ಸದ್ದೇ ನಿಂತುಹೋಗುತ್ತದೆ. ‘ಸಾರ್, ಪಿಕಪ್ ಹೋಗಿದೆ’ ಅಂತ ಫೋನು. ತಂತಿಯ ಕೆಳಗೆ ಕೂತು ಅದರ ಅಲುಗಾಟವನ್ನು ಹಿಡಿಯುವ ಮ್ಯಾಗ್ನೆಟ್ಟಿನ ಭಾಗ ಅದು. ತಂದು ತೋರಿಸಪ್ಪ ಅಂದೆ. ತರಲಿಲ್ಲ. ಬೇರೆ ಪಿಕಪ್ ಹಾಕಿದ. ಅದೇ ಕಥೆ. ಆಮೇಲೆ ಇನ್ನೂ ದುಬಾರಿಯದೊಂದು ಸೆಟ್ ತರಿಸಿದ. ಆಗಲೂ ಅದೇ ಕಥೆ. ಕೊನೆಗೆ ಗಿಟಾರ್ ಬೆನ್ನಿಗೆ ಹಾಕಿಕೊಂಡು ಮೆಟ್ರೋ ಹತ್ತಿ ಬಂದ.

ನಾನು ಆಂಪ್‌ಗೆ ಹಾಕಲೇ ಇಲ್ಲ. ಕಣ್ಣಿನ ಮಟ್ಟಕ್ಕೆ ಹಿಡಿದು ಬ್ರಿಡ್ಜ್, ಅಂದರೆ ಬಾಡಿ ಮೇಲೆ ತಂತಿ ಕೂರುವ ಕುದುರೆ, ಅದರ ಕಡೆಯಿಂದ ನೋಡಿದೆ. ದಪ್ಪ ತಂತಿಯ ಪಕ್ಕದಲ್ಲಿ ಫಿಂಗರ್‌ಬೋರ್ಡ್ ಧಾರಾಳವಾಗಿ ಉಳಿದಿದೆ. ಸಣ್ಣ ತಂತಿ ಅಂಚಿನಲ್ಲೇ ಕೂತಿದೆ, ಬೆರಳು ತಾಗಿದರೆ ಜಾರಿ ಬೀಳುತ್ತದೆ. ನೆಕ್ ಕಡೆಯ ಪಿಕಪ್‌ನಲ್ಲಿ ತಂತಿಯ ಕೆಳಗೆ ಇರಬೇಕಾದ ಮ್ಯಾಗ್ನೆಟ್ ತಂತಿಗಿಂತ ಒಳಗಡೆ ಇದೆ. ಪೀಚಲಾಗದೆ ಇನ್ನೇನಾಗುತ್ತದೆ? ಅವನ ಬ್ರಿಡ್ಜ್ ಬೇರೆ ಹಳೇ ಅಳತೆಯದು. ಮೊದಲ ತಂತಿಯಿಂದ ಕೊನೆಯ ತಂತಿವರೆಗೆ ಹತ್ತಿರ ಹತ್ತಿರ 56 ಮಿ.ಮೀ. ಹರಡುತ್ತದೆ, ಹೊಸ ಅಳತೆಯದು 52 ಚಿಲ್ಲರೆ. ಅಗಲ ಬ್ರಿಡ್ಜ್ ಇದ್ದರೆ ನೆಕ್ ಒಂದು ಕೂದಲಷ್ಟು ವಾಲಿದರೂ ಗೊತ್ತಾಗುತ್ತದೆ.

ಸ್ಕ್ರೂ ಡ್ರೈವರ್ ತಗೊಂಡು ನಾಲ್ಕೂ ಸ್ಕ್ರೂ ಕಾಲು ಸುತ್ತು ಸಡಿಲ ಮಾಡಿದೆ. ತಂತಿ ಹಾಗೇ ಬಿಗಿಯಾಗಿದೆ. ಹೆಡ್‌ಸ್ಟಾಕನ್ನು ದಪ್ಪ ತಂತಿಯ ದಿಕ್ಕಿಗೆ ಮೆಲ್ಲಗೆ ಒತ್ತಿದೆ. ‘ಕಟಕ್’ ಅಂತ ಸಣ್ಣ ಸದ್ದು. ಎರಡೂ ಕಡೆ ಸಮ ಬಂತು. ಸ್ಕ್ರೂ ಬಿಗಿ ಮಾಡಿದೆ. ಆಮೇಲೆ ಆಂಪ್‌ಗೆ ಹಾಕಿ ಕೊಟ್ಟೆ. ನುಡಿಸಿದ. ಮುಖ ನೋಡಬೇಕಿತ್ತು. ಖುಷಿಯಲ್ಲ, ಮೂರು ಸೆಟ್ ಪಿಕಪ್ಪಿನ ಲೆಕ್ಕ ಹಾಕುತ್ತಿದ್ದ.

ಅದೇ ಬಾಡಿಯಲ್ಲಿ ಇನ್ನೊಂದು ತೊಂದರೆಯೂ ಇತ್ತು. ಬ್ರಿಡ್ಜ್ ಮೇಲೆ ತಂತಿ ಹೊರುವ ಸ್ಯಾಡಲ್‌ಗಳನ್ನು ಪೂರ್ತಿ ಇಳಿಸಿದರೂ ತಂತಿ ಎತ್ತರ. ಮನೆಯಲ್ಲಿದ್ದ ಒಂದು ಮದುವೆ ಕಾರ್ಡ್ ಕತ್ತರಿಸಿ ನೆಕ್ ಕೂರುವ ಗುಂಡಿಯಲ್ಲಿ ಬ್ರಿಡ್ಜ್ ಕಡೆಯ ತುದಿಗೆ ಇಟ್ಟೆ. ಅರ್ಧ ಮಿ.ಮೀ. ದಪ್ಪ ಸಾಕು, ನೆಕ್ ಹಿಂದಕ್ಕೆ ವಾಲುತ್ತದೆ, ತಂತಿ ಇಳಿಯುತ್ತದೆ. ಇದೇನು ಜುಗಾಡ್ ಅಂತ ಮೂಗು ಮುರಿಯಬೇಡಿ. ಫೆಂಡರ್ ಕಾರ್ಖಾನೆಯಲ್ಲೇ ಹೀಗೆ ಚೂರು ಇಟ್ಟು ಕಳಿಸುತ್ತಿದ್ದರು. ಅವರ ಹತ್ತಿರ ನಮ್ಮಷ್ಟು ದಪ್ಪ ಮದುವೆ ಕಾರ್ಡ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಅಮೆರಿಕದ ರಾಕ್ ವಾದಕ ಎಡ್ಡಿ ವ್ಯಾನ್ ಹೇಲನ್ ಗಿಟಾರ್ ಎಲ್ಲರಿಗೂ ಗೊತ್ತು. ಕಾರ್ಖಾನೆ ಪಕ್ಕಕ್ಕಿಟ್ಟ ಬಾಡಿ, ಬೇರೆಯಾಗಿ ಕೊಂಡ ನೆಕ್, ಗಿಬ್ಸನ್ ಕಂಪನಿಯ ಗಿಟಾರಿನಿಂದ ಕಿತ್ತ ಹಂಬಕರ್, ಅಂದರೆ ಎರಡು ಸುರುಳಿಯ ಪಿಕಪ್. ಕೇಳಿದರೆ ಎಲ್ಲರೂ ಹೇಳುವುದು ಅದರ ಪಟ್ಟೆಗಳ ಬಗ್ಗೆ. ಮತ್ತೆ ಬಣ್ಣ! ನಾನು ನೋಡುವುದು ಆ ಪಿಕಪ್ ಓರೆಯಾಗಿ ಕೂತಿರುವುದನ್ನು. ಗಿಬ್ಸನ್ ಪಿಕಪ್ಪಿನ ಅಗಲ ಕಡಿಮೆ, ಫೆಂಡರ್ ಮಾದರಿ ಬ್ರಿಡ್ಜಿನಲ್ಲಿ ತಂತಿಗಳ ಹರವು ಜಾಸ್ತಿ. ನೇರ ಇಟ್ಟರೆ ಹೊರಗಿನ ತಂತಿ ತಪ್ಪುತ್ತದೆ, ಹಾಗಾಗಿ ಓರೆ. ರಾಜಾಜಿನಗರದ ಹುಡುಗನದೂ ಇದೇ ಕಾಯಿಲೆ ಅಲ್ವಾ? ಪಿಕಪ್ ಕೀಚಲಾಗಿ ಕೂಗಬಾರದು ಅಂತ ಅದನ್ನು ಕರಗಿದ ಮೇಣದಲ್ಲಿ ಅದ್ದಿದ್ದೂ ಉಂಟು. ವೀಣೆ ಕಟ್ಟುವವರು ಮೇಣದಲ್ಲಿ ಮೇಳ ಕಟ್ಟುತ್ತಾರೆ, ಅಂದರೆ ಮೆಟ್ಟಿಲು ಕೂರಿಸುತ್ತಾರೆ, ಇವರು ಪಿಕಪ್ ಮುಳುಗಿಸುತ್ತಾರೆ. ಇದನ್ನು ಹಿಡಿದರೆ ವೀಣೆ ಕಡೆಗೆ ಹೋಗಿಬಿಡುತ್ತೇನೆ, ಬೇಡ.

ಮರದ ವಿಷಯ. ಯಾವ ಮರಕ್ಕೆ ಯಾವ ನಾದ ಅಂತ ಜಗಳ ಶುರುವಾದರೆ ಊಟದ ಹೊತ್ತು ಮೀರುತ್ತದೆ. ನನ್ನ ಲೆಕ್ಕದಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಾಡಿಯಲ್ಲಿ ಮೊದಲು ನೋಡಬೇಕಾದ್ದು ತೂಕ. ಎರಡು ಗಂಟೆ ಹೆಗಲಿಗೆ ಹಾಕಿಕೊಳ್ಳುವವರು ನೀವು. ತೇಗದಲ್ಲಿ ಮಾಡಿಸುತ್ತೇನೆ ಅನ್ನುವವರಿಗೆ ನನ್ನ ಉತ್ತರ, ಬೆನ್ನಿನ ಡಾಕ್ಟರನ್ನೂ ನೋಡಿಟ್ಟುಕೊಳ್ಳಿ. ಫಿಂಗರ್‌ಬೋರ್ಡಿಗೆ ಮಾತ್ರ ಅಮೆರಿಕದವರೂ ಹುಡುಕುವುದು ನಮ್ಮ ಕಡೆಯ ಬೀಟೆಯನ್ನು. ಮರ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. 2017ರಿಂದ ಹೊರದೇಶಕ್ಕೆ ಕಳಿಸಲೂ ಸೈಟಿಸ್, ಅಂದರೆ ಅಳಿವಿನಂಚಿನ ಜೀವಜಾತಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ, ಅದರ ಕಾಗದಪತ್ರ ಬಂತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಹಾಗಾಗಿ ಯಾರೋ ಬಿಲ್ ಇಲ್ಲದೆ ಬೀಟೆ ಹಲಗೆ ಕೊಡುತ್ತೇನೆ ಅಂದರೆ ದೂರ ಇರಿ.

ಚೀಟಿ ಬಂತು. ಹತ್ತು ನಿಮಿಷ ಅಂತೆ. ಎಲೆಕ್ಟ್ರಾನಿಕ್ಸ್ ಪೂರ್ತಿ ಬಾಕಿ ಇದೆ!

ಓಡಿಸುತ್ತೇನೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗೆ 250ಕೆ ಪಾಟ್, ಅಂದರೆ ತಿರುಗಿಸುವ ಗುಂಡಿಯ ಪೊಟೆನ್ಶಿಯೋಮೀಟರ್, ಹಂಬಕರ್‌ಗೆ 500ಕೆ. ಅಂಗಡಿಯವರು ‘ಯಾವ ಮೆಷಿನ್‌ಗೆ ಸಾರ್?’ ಅಂತಾರೆ. ಗಿಟಾರ್ ಅಂದರೆ ಒಂದು ಥರಾ ನೋಡುತ್ತಾರೆ, ಪರವಾಗಿಲ್ಲ. ಪಾಟ್ ಮೇಲೆ ‘ಎ’ ಇದೆಯಾ ‘ಬಿ’ ಇದೆಯಾ ನೋಡಿ. ವಾಲ್ಯೂಮ್‌ಗೆ ‘ಎ’ ಬೇಕು. ‘ಬಿ’ ಹಾಕಿದರೆ ಹತ್ತರಿಂದ ಎರಡರ ತನಕ ತಿರುಗಿಸಿದರೂ ಅಷ್ಟೇನೂ ಇಳಿಯುವುದಿಲ್ಲ, ಆಮೇಲೆ ಒಮ್ಮೆಲೇ ಬಿದ್ದುಹೋಗುತ್ತದೆ. ಟೋನ್‌ಗೆ 0.022 ಅಥವಾ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್. ಸಾವಿರಾರು ರೂಪಾಯಿಯ ಹಳೇ ಕಾಲದ ಕೆಪಾಸಿಟರ್ ಬೇಡ. ಎಸ್.ಪಿ. ರೋಡಿನದೇ ಸಾಕು, ಆ ದುಡ್ಡು ನೆಕ್‌ಗೆ ಹಾಕಿ. ಹೇಳಿದ್ದೆನಲ್ಲ, ಅಲ್ಲಿಗೇ ಬರುತ್ತೇನೆ ಅಂತ.

ಹಮ್, ಅಂದರೆ ಆಂಪ್‌ನಿಂದ ಬರುವ ಗುಂಯ್ ಸದ್ದು, ಅದರ ಬಗ್ಗೆ ಒಂದೇ ಮಾತು. ನಮ್ಮ ಕರೆಂಟು 50 ಹರ್ಟ್ಸ್, ಸಿಂಗಲ್ ಕಾಯಿಲ್ ಅದನ್ನು ಹಿಡಿಯುತ್ತದೆ. ಬ್ರಿಡ್ಜಿಗೆ ಗ್ರೌಂಡ್ ವಯರ್ ಮರೆಯಬೇಡಿ. ತಂತಿ ಮುಟ್ಟಿದಾಗ ಹಮ್ ಕಡಿಮೆಯಾದರೆ ವಯರಿಂಗ್ ಸರಿ ಇದೆ. ಮುಟ್ಟಿದಾಗ ಜಾಸ್ತಿ ಆದರೆ ಮೊದಲು ಜ್ಯಾಕ್‌ನ ಎರಡು ವಯರ್ ಅದಲುಬದಲಾಗಿದೆಯಾ ನೋಡಿ. ಮನೆಯ ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿ, ಅದು ಗಿಟಾರಿಗಲ್ಲ, ಜೀವಕ್ಕೆ.

ಟ್ಯೂನರ್ ತೂತಿನ ಅಳತೆ ನೋಡಿಕೊಳ್ಳಿ, ಹಳೇ ಮಾದರಿಗೂ ಹೊಸದಕ್ಕೂ ಬೇರೆ. ಟೆಲಿ ನೆಕ್‌ನ ಬುಡ ಚೌಕ, ಸ್ಟ್ರಾಟ್‌ನದು ದುಂಡು, ಕೊಳ್ಳುವ ಮುಂಚೆ ಕೇಳಿ. ಸ್ಕೇಲ್, ಟ್ರಸ್ ರಾಡ್, ನಟ್ ಕೆತ್ತುವುದು, ಇವೆಲ್ಲ ಉಳಿಯಿತು. ಸಂಘಟಕರು ಎದ್ದು ನಿಂತಿದ್ದಾರೆ.

ಆ ಮೇಜಿನ ಮೇಲೆ ಐದು ನೆಕ್ ಇಟ್ಟಿದ್ದೇನೆ, ಪಕ್ಕದಲ್ಲೇ ಕ್ಯಾಲಿಪರ್ ಇದೆ. ಕಾಫಿ ಕುಡಿದು, ಕೈ ಒರೆಸಿಕೊಂಡು, ಹಿಡಿದು ನೋಡಿ. ಪ್ರಶ್ನೆಗಳನ್ನು ಅಲ್ಲೇ ಕೇಳಿ. ಮರದ ನಾದದ ಪ್ರಶ್ನೆ ಇರುವವರು ಕೊನೆಗೆ ಬನ್ನಿ.